ಗಂಟು ಹಾಕಿದ ಕಪ್ಪು ವೈರು

ಬಾಕ್ಸಣ್ಣನಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು. ಈಗ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಹಾಡುವವರಿಗೆ, ಬಾರಿಸುವವರಿಗೆ, ಐವತ್ತು ಅರವತ್ತು ಕುರ್ಚಿಯ ಸಣ್ಣ ಹಾಲ್ ನಡೆಸುವವರಿಗೆ ಎಲ್ಲರಿಗೂ ಅವನು ಬಾಕ್ಸಣ್ಣ. ಹೆಂಡತಿ ಕೂಡ ಸಿಟ್ಟು ಬಂದಾಗ "ಏನ್ರೀ ಬಾಕ್ಸಣ್ಣನವರೇ" ಅಂತಲೇ ಶುರುಮಾಡುವುದು. ಅವನು ಮಾಡುವ ಕೆಲಸ ಒಂದೇ. ಬೇಸ್ ಗಿಟಾರಿನ ಭಾರದ ದನಿಯನ್ನು ತಡೆದುಕೊಳ್ಳುವಂಥ ಸಬ್‌ವೂಫರ್ ಪೆಟ್ಟಿಗೆಗಳನ್ನು ಕೈಯಾರೆ ಕಟ್ಟಿಕೊಡುವುದು. ಅಂಗಡಿಯಲ್ಲಿ ಸಿಗುವ ಕಂಪನಿ ಪೆಟ್ಟಿಗೆಯ ಮಾತೆತ್ತಿದಿರೋ, ಕೆಟ್ಟಿರಿ. "ಅದೂ ಒಂದು ಬಾಕ್ಸಾ? ಬೆರಳಲ್ಲಿ ಬಡಿದು ನೋಡಿ, ಬಿಸ್ಕತ್ ಡಬ್ಬ ಅಳೋ ಹಾಗೆ ಅಳತ್ತೆ" ಅಂತ ಅರ್ಧ ಗಂಟೆ ನಿಲ್ಲಿಸಿಕೊಂಡು ಕೊರೆಯುತ್ತಾನೆ.

ಅವನ ಶೆಡ್ಡು ಇರುವುದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ. ಉದ್ದನೆಯ ಕೋಣೆ, ಮೇಲೆ ಶೀಟು, ನೆಲದ ತುಂಬ ಮರದ ಹೊಟ್ಟು. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿಗಿಂತ ಒಂದೆಳೆ ತೆಳ್ಳಗಿದ್ದರೂ ಮುಟ್ಟುವ ಪೈಕಿ ಅಲ್ಲ ಅವನು. ಹಲಗೆ ಕತ್ತರಿಸಿ, ಅಂಚಿಗೆ ಗೋಂದು ಬಳಿದು, ಒಳಗೆ ಅಡ್ಡಪಟ್ಟಿ ಕೊಟ್ಟು, ಸ್ಕ್ರೂ ಬಿಗಿದು ಒಂದಿಡೀ ದಿನ ಹಾಗೇ ಬಿಡುತ್ತಾನೆ. ಮುಂದಿನ ಹಲಗೆಯಲ್ಲಿ ಸ್ಪೀಕರಿಗೆ ದೊಡ್ಡ ತೂತು, ಅದರ ಕೆಳಗೆ ಗಾಳಿ ಆಡುವುದಕ್ಕೆ ಸಣ್ಣ ತೂತು, ಆ ತೂತಿಗೆ ನೀರಿನ ಪೈಪಿನ ಒಂದು ತುಂಡು. ಆಮೇಲೆ ಸ್ಪೀಕರು ಕೂರಿಸಿ, ಅದರಲ್ಲಿ ಜೋರಾಗಿ ದನಿ ಹಾಕಿ, ಮೇಣದಬತ್ತಿ ಹಚ್ಚಿಕೊಂಡು ಸಂದುಸಂದಿಗೂ ಹಿಡಿಯುತ್ತಾನೆ. ಉರಿ ಎಲ್ಲಿ ಅಲುಗಿತೋ ಅಲ್ಲಿ ಗಾಳಿ ಸೋರುತ್ತಿದೆ ಅಂತ. ಎಲ್ಲಾ ಆದ ಮೇಲೆ ಕೊನೆಗೆ ಬ್ಯಾಟರಿ. ಗೋಡೆ ಗಡಿಯಾರಕ್ಕೆ ಹಾಕುವ ಪುಟ್ಟ ಬ್ಯಾಟರಿಯನ್ನು ವೈರಿನ ತುದಿಗೆ ಮುಟ್ಟಿಸಿದರೆ ಸ್ಪೀಕರಿನ ಕಾಗದದ ಬಟ್ಟಲು ಟಪ್ ಅಂತ ಹೊರಕ್ಕೆ ಬರಬೇಕು. ಒಳಕ್ಕೆ ಹೋಯಿತೋ, ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ ಅಂತ ಅರ್ಥ. ಈ ಬ್ಯಾಟರಿ ಮುಟ್ಟಿಸದೆ ಅವನು ಒಂದು ಬಾಕ್ಸನ್ನೂ ಶೆಡ್ಡಿನಿಂದ ಹೊರಗೆ ಬಿಟ್ಟವನಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ, ಆ ಮಂಗಳವಾರದವರೆಗೆ.

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಮೇಷ್ಟ್ರು ಅಂದರೆ ಡ್ರಮ್ ಬಾರಿಸುವವರು, ಮಕ್ಕಳಿಗೆ ಕಲಿಸುತ್ತಾರೆ ಅದಕ್ಕೆ ಆ ಹೆಸರು. ಹಿಂದೆ ಒಂದು ಬ್ಯಾಂಡು ಕಟ್ಟಿ ನಡೆಸಿದವರು, ಈಗ ವಯಸ್ಸಾಯಿತು ಅಂತ ಸ್ವಂತದ್ದೊಂದು ಪುಟ್ಟ ಹಾಲ್ ತೆರೆದಿದ್ದಾರೆ. ಆಟೋ ಗಾಡಿಯಿಂದ ಎರಡು ಕಪ್ಪು ಬಾಕ್ಸು ಇಳಿಸಿದರು. ಬಾಕ್ಸಣ್ಣ ದೂರದಿಂದಲೇ ಗುರುತು ಹಿಡಿದ. ತಾನು ಕಟ್ಟಿದ ಮೊಟ್ಟಮೊದಲ ಜೋಡಿ ಅದು, ಒಂಬತ್ತು ವರ್ಷದ ಹಿಂದಿನದು. ಹೆತ್ತ ಮಕ್ಕಳು ಮನೆಗೆ ಬಂದಷ್ಟು ಖುಷಿಯಾಯಿತು ಅವನಿಗೆ.

"ಏನಾಗಿದೆ ಮೇಷ್ಟ್ರೇ ನನ್ನ ಮಕ್ಕಳಿಗೆ?"

"ನಿನ್ನ ಮಕ್ಕಳಿಗೆ ಹುಚ್ಚು ಹಿಡಿದಿದೆ ಕಣಯ್ಯ" ಅಂದರು ಮೇಷ್ಟ್ರು. "ಇಷ್ಟು ವರ್ಷ ಒಂದನ್ನೇ ತಾನೇ ನಾವು ಬಳಸ್ತಿದ್ದದ್ದು. ಇನ್ನೊಂದು ನಮ್ಮನೇಲಿ ಫ್ಯಾನಿನ ಸ್ಟ್ಯಾಂಡ್ ಆಗಿತ್ತು. ಈಗ ಹಾಲ್ ಆಯ್ತಲ್ಲ, ಎರಡೂ ಇರ್ಲಿ ಅಂತ ಸ್ಟೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಒಂದು ಹಾಕಿದ್ರೆ ಹುಲಿ, ಎರಡೂ ಹಾಕಿದ್ರೆ ಇಲಿ! ಏನ್ ಮಾಯ ಇದು? ಭಾನುವಾರ ಹನ್ನೊಂದಕ್ಕೆ ಬಂದು ತಗೊಂಡು ಹೋಗ್ತೀನಿ, ನೋಡಿಡು."

ಹುಲಿ, ಇಲಿ ಅಂತ ಹೇಳಿ ಅವರೇ ನಕ್ಕು ಗಾಡಿ ಹತ್ತಿ ಹೋದರು. ಇತ್ತ ಬಾಕ್ಸಣ್ಣನಿಗೆ ನಗು ಬರಲಿಲ್ಲ. ಯಾಕೆಂದರೆ ಈ ಮಾತನ್ನು ಅವನು ಮೊದಲ ಸಲ ಕೇಳುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು ಇವನ ತಂಗಿ ಹೇಳಿದ್ದಳು.

ತಂಗಿಯ ಅಡ್ಡಹೆಸರು ಗುಬ್ಬಿ. ನಿಂತರೆ ಬೇಸ್ ಗಿಟಾರು ಅವಳನ್ನು ಹಿಡಿದುಕೊಂಡಿದೆಯೋ ಅವಳು ಅದನ್ನು ಹಿಡಿದುಕೊಂಡಿದ್ದಾಳೋ ಅನ್ನುವಂಥ ಮೈಕಟ್ಟು. ಆದರೆ ನುಡಿಸಲು ಕೂತಳೋ, ಆ ಎರಡು ಬೆರಳು ನಡೆಯುವ ಚೆಂದ ನೋಡಬೇಕಿತ್ತು. ಮೇಷ್ಟ್ರ ಬ್ಯಾಂಡಿಗೆ ಸೇರಿಸಿಕೊಂಡಾಗ ಅವಳಿಗೆ ಇಪ್ಪತ್ತೆರಡು. ಅಣ್ಣನಿಗೆ ಆಗಿನ್ನೂ ಪೀಠೋಪಕರಣದ ಅಂಗಡಿಯಲ್ಲಿ ಕೂಲಿ ಕೆಲಸ. "ನನ್ನ ತಂಗಿ ಬೇರೆಯವರ ಹಳೇ ಡಬ್ಬದಲ್ಲಿ ನುಡಿಸ್ತಾಳಾ? ನಾನಿಲ್ವಾ?" ಅಂತ ತೊಡೆ ತಟ್ಟಿ, ಎಲ್ಲೆಲ್ಲಿಂದಲೋ ಅಳತೆ ಕೇಳಿ ತಿಳಿದುಕೊಂಡು, ಅವಳಿಗಾಗಿಯೇ ಮನೆಯ ಹಿತ್ತಲಲ್ಲಿ ಕೂತು ಕಟ್ಟಿದ ಜೋಡಿ ಅದು. ಇಷ್ಟು ಪ್ರೀತಿಯಿಂದ ಮಾಡಿದ ಕೆಲಸ ಇಷ್ಟು ಕೆಡುತ್ತದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ!

ಮೊದಲ ಬಾಕ್ಸು ಮುಗಿದಾಗ ಗುಬ್ಬಿ ಎರಡು ದಿನ ಅದರಲ್ಲೇ ನುಡಿಸಿದಳು. ಪಕ್ಕದ ಮನೆಯ ಪಾತ್ರೆಗಳೆಲ್ಲ ಗಲಗಲ ಅಂದವು. ಎರಡನೆಯದು ಮುಗಿದ ಸಂಜೆಯೇ ಕಾರ್ಯಕ್ರಮ. ಹಾಲಿನಲ್ಲಿ ಎರಡನ್ನೂ ಪಕ್ಕಪಕ್ಕ ಜೋಡಿಸಿ ವೈರು ಸಿಕ್ಕಿಸಿದರು. ಅವಳು ಮೀಟಿದರೆ ದನಿಯೇ ಇಲ್ಲ. ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ, ತಂತಿಯ ಟಿಕ್ ಟಿಕ್ ಇದೆ, ಹೊಟ್ಟೆಯೊಳಗೆ ಇಳಿಯುವ ಆ ಗುಡುಗು ಇಲ್ಲ. ಆಂಪ್ಲಿಫೈಯರ್ ಏರಿಸಿದಷ್ಟೂ ಟಿಕ್ ಟಿಕ್ ಏರಿತೇ ಹೊರತು ಗುಡುಗು ಬರಲಿಲ್ಲ.

"ಅಣ್ಣಾ, ಒಂದು ಬಾಕ್ಸಿನ ವೈರ್ ಕಿತ್ರೆ ದನಿ ಬರತ್ತೆ, ಎರಡೂ ಹಾಕಿದ್ರೆ ಹೋಗ್ತಿದೆ. ನನ್ನ ಕಿವಿಗೆ ಹಾಗೇ ಕೇಳಿಸ್ತಿದೆ" ಅಂದಳು ಗುಬ್ಬಿ. ಬ್ಯಾಂಡಿನವರೆಲ್ಲ ಸುತ್ತ ನಿಂತಿದ್ದರು.

ಅಷ್ಟು ಜನರ ಮುಂದೆ ತನ್ನ ಬಾಕ್ಸಿನ ಮರ್ಯಾದೆ ಹೋಗುತ್ತದಲ್ಲ ಅಂತ ಈ ಮಹಾಶಯನಿಗೆ ಕೊಂಬು ಬಂತು. "ಒಂದು ಬಕೆಟ್ ನೀರಿಗೆ ಇನ್ನೊಂದು ಬಕೆಟ್ ನೀರು ಸುರಿದ್ರೆ ನೀರು ಕಮ್ಮಿ ಆಗತ್ತೇನೇ ಗುಬ್ಬಿ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. "ಒಂದು ಸಲ ನೀನೇ ಕಿತ್ತು ನೋಡಣ್ಣ" ಅಂತ ಅವಳು ಇನ್ನೂ ಹೇಳುತ್ತಿದ್ದಳು. "ಬಾಕ್ಸ್ ಮಾಡಿದವನು ನಾನಾ ನೀನಾ? ಸ್ವಲ್ಪ ಜೋರಾಗಿ ಮೀಟು, ಬರತ್ತೆ" ಅಂತ ಬಾಯಿ ಮುಚ್ಚಿಸಿದ.

ಅವಳು ಜೋರಾಗಿ ಮೀಟಿದಳು. ಮೂರು ಕಾರ್ಯಕ್ರಮ ಬೆರಳಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಮೀಟಿದಳು. ಹಿಂದಿನ ಸಾಲಿನವರು "ಬೇಸ್ ಕೇಳಿಸ್ತಿಲ್ಲ" ಅಂತ ಕೂಗುತ್ತಲೇ ಇದ್ದರು. ಕೊನೆಗೆ ಮೇಷ್ಟ್ರು ಬಾಕ್ಸಣ್ಣನನ್ನು ಪಕ್ಕಕ್ಕೆ ಕರೆದು, "ನೀನೇ ಹೇಳಿಬಿಡಪ್ಪ, ಬಾಕ್ಸೋ ಕೈಯೋ?" ಅಂದರು. ಇವನು ಎರಡು ಬಾಕ್ಸನ್ನೂ ಮನೆಗೆ ಹೊತ್ತು ತಂದ. ಒಂದನ್ನು ಹಾಕಿ ನೋಡಿದ, ಗುಡುಗಿತು. ಅದನ್ನು ಕಿತ್ತು ಇನ್ನೊಂದನ್ನು ಹಾಕಿದ, ಅದೂ ಗುಡುಗಿತು. ಎರಡನ್ನೂ ಒಟ್ಟಿಗೆ ಹಾಕಿ ನೋಡುವ ಬುದ್ಧಿ ಬರಲಿಲ್ಲ. ಬಂದಿದ್ದರೂ ಹಾಕುತ್ತಿದ್ದನೋ ಇಲ್ಲವೋ, ಅದು ಅವನಿಗೇ ಗೊತ್ತು. ಮಾರನೇ ದಿನ ಹೋಗಿ ಹೇಳಿಬಿಟ್ಟ: "ಬಾಕ್ಸ್ ಸರಿ ಇದೆ ಮೇಷ್ಟ್ರೇ. ಅವಳ ಕೈ ಮೆದು."

ಒಡಹುಟ್ಟಿದ ಅಣ್ಣನೇ ಹೇಳಿದ ಮೇಲೆ ಇನ್ನು ಯಾರನ್ನು ಕೇಳುವುದು? ಗುಬ್ಬಿಯನ್ನು ಬಿಟ್ಟು ಬೇರೊಬ್ಬನನ್ನು ತಂದರು. ಬಂದವನು ಒಳ್ಳೇ ದಪ್ಪ ಆಸಾಮಿ. ವ್ಯಾನಿನಲ್ಲಿ ಅವನು ಕೂತ ಮೇಲೆ ಎರಡನೇ ಬಾಕ್ಸಿಗೆ ಜಾಗವೇ ಉಳಿಯುತ್ತಿರಲಿಲ್ಲ. ಅದಕ್ಕೆ ಒಂದನ್ನೇ ಒಯ್ದರು, ಒಂದೇ ಬಾಕ್ಸು ಹಾಲ್ ತುಂಬ ಗುಡುಗಿತು. "ನೋಡಿದ್ಯಾ, ಅದೇ ಬಾಕ್ಸು, ಗಂಡಸಿನ ಕೈ ಬಿದ್ದ ತಕ್ಷಣ ಹೇಗೆ ಮಾತಾಡ್ತಿದೆ!" ಅಂತ ಎಲ್ಲರೂ ಆಡಿಕೊಂಡರು. ಬಾಕ್ಸಣ್ಣನ ಹೆಸರು ಊರೆಲ್ಲ ಹಬ್ಬಿದ್ದೇ ಆ ದಪ್ಪ ಮನುಷ್ಯನ ದೆಸೆಯಿಂದ. ಪೀಠೋಪಕರಣದ ಅಂಗಡಿ ಬಿಟ್ಟು ಸ್ವಂತ ಶೆಡ್ಡು ಹಾಕಿದ್ದು ಅದೇ ವರ್ಷ. ಆ ಕಾರ್ಯಕ್ರಮಕ್ಕೆ ಗುಬ್ಬಿಯೂ ಬಂದು ಕೊನೇ ಸಾಲಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಅಣ್ಣನ ಹತ್ತಿರ ಬಂದು, "ನೀನು ಹೇಳಿದ್ದೇ ಸರಿ ಅಣ್ಣ" ಅಂದು ಹೋದಳು. ವಾರದ ನಂತರ ಗಿಟಾರು ತಂದುಕೊಟ್ಟಳು. "ಬಾಕ್ಸ್ ಟೆಸ್ಟ್ ಮಾಡೋಕೆ ನಿಂಗೊಂದು ಬೇಕಲ್ಲ, ಇಟ್ಕೋ." ಇವನು ಸಂತೋಷವಾಗಿ ಇಟ್ಟುಕೊಂಡ. ಒಂಬತ್ತು ವರ್ಷದಿಂದ ಅವನು ಮಾಡಿದ ಪ್ರತಿ ಬಾಕ್ಸೂ ಅದೇ ಗಿಟಾರಿನಲ್ಲಿ ಟೆಸ್ಟ್ ಆಗಿದೆ.

ಮಂಗಳವಾರ ಮೇಷ್ಟ್ರು ಹೋದ ಮೇಲೆ ಬಾಕ್ಸಣ್ಣ ಶೆಡ್ಡಿನ ಬಾಗಿಲು ಒಳಗಿಂದ ಹಾಕಿಕೊಂಡ. ಮೊದಲ ಬಾಕ್ಸಿಗೆ ಬ್ಯಾಟರಿ ಮುಟ್ಟಿಸಿದ. ಬಟ್ಟಲು ಹೊರಕ್ಕೆ ಬಂತು. ಎರಡನೆಯದಕ್ಕೆ ಮುಟ್ಟಿಸಿದ. ಟಪ್ ಅಂತ ಒಳಕ್ಕೆ ಹೋಯಿತು. ಬ್ಯಾಟರಿ ತಿರುಗಿಸಿ ಹಿಡಿದಿದ್ದೇನೇನೋ ಅಂತ ನೋಡಿದ. ಸರಿಯಾಗೇ ಹಿಡಿದಿದ್ದ. ಮತ್ತೆ ಮುಟ್ಟಿಸಿದ, ಮತ್ತೆ ಒಳಕ್ಕೆ.

ಎಂಟು ಸ್ಕ್ರೂ ಬಿಚ್ಚಿ ಸ್ಪೀಕರನ್ನು ಹೊರಗೆಳೆದ. ಒಳಗೆ ಎರಡು ವೈರು, ಎರಡೂ ಕಪ್ಪು, ಒಂದಕ್ಕೊಂದು ಹೆಣೆದುಕೊಂಡಿವೆ. ಒಂದರ ತುದಿಯಲ್ಲಿ ಪುಟ್ಟ ಗಂಟು. ಆ ಗಂಟು ಕಂಡದ್ದೇ ತಡ, ಆ ದಿನದ್ದೆಲ್ಲ ನೆನಪಾಯಿತು. ಕೆಂಪು ವೈರು ಮುಗಿದುಹೋಗಿತ್ತು. ಸಂಜೆಗೇ ಕಾರ್ಯಕ್ರಮ, ತರುವುದಕ್ಕೆ ಹೊತ್ತಿರಲಿಲ್ಲ. ಎರಡೂ ಕಪ್ಪೇ ಹಾಕೋಣ, ಪ್ಲಸ್ಸಿಗೆ ಗುರುತಿಗೊಂದು ಗಂಟು ಹಾಕಿದರಾಯಿತು ಅಂದುಕೊಂಡಿದ್ದ. ಹಿಂಬದಿಯ ತುದಿಗೆ ಗಂಟು ಹಾಕಿ, ವೈರುಗಳನ್ನು ಹೆಣೆದು ಒಳಗೆ ತೂರಿಸಿದ. ಸ್ಪೀಕರಿನ ಕಡೆಗೆ ಬಂದಾಗ ಎರಡರಲ್ಲಿ ಯಾವುದು ಅಂತ ಗೊತ್ತಾಗಲಿಲ್ಲ. "ಇದೇ ಇರಬೇಕು" ಅಂತ ಒಂದಕ್ಕೆ ಗಂಟು ಹಾಕಿ ಬೆಸೆದುಬಿಟ್ಟ. ಬ್ಯಾಟರಿ ಮುಟ್ಟಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬ್ಯಾಟರಿ ಇರಲಿಲ್ಲ. ಆವತ್ತು ಬೆಳಿಗ್ಗೆ ಮನೆಯ ಗಡಿಯಾರ ನಿಂತಿದೆ ಅಂತ ಹೆಂಡತಿ ಹೇಳಿದ್ದಕ್ಕೆ ಅದನ್ನು ತೆಗೆದು ಗಡಿಯಾರಕ್ಕೆ ಹಾಕಿದ್ದ. ಹಿತ್ತಲಿನಿಂದ ಮನೆಯೊಳಕ್ಕೆ ನಾಲ್ಕು ಹೆಜ್ಜೆ. ಹೋಗಿ ತರಬಹುದಿತ್ತು. ಹೋಗಲಿಲ್ಲ.

ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಪಕ್ಕದ್ದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದು ಕೊಟ್ಟಿದ್ದನ್ನೆಲ್ಲ ಅದು ನುಂಗಿಹಾಕುತ್ತದೆ. ಒಂದೊಂದನ್ನೇ ಹಾಕಿದರೆ ಎರಡೂ ಸಾಚಾ, ಒಟ್ಟಿಗೆ ಹಾಕಿದರೆ ದನಿ ಸತ್ತೇ ಹೋಗುತ್ತದೆ. ಈ ಸಂಗತಿ ಬಾಕ್ಸಣ್ಣನಿಗೆ ಆಮೇಲಿನ ವರ್ಷಗಳಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಬೇರೆಯವರ ಬಾಕ್ಸುಗಳಲ್ಲಿ ಇದೇ ತಪ್ಪು ಹಿಡಿದು, "ವೈರ್ ಉಲ್ಟಾ ಹಾಕಿದ ಪುಣ್ಯಾತ್ಮ ಯಾರಪ್ಪ?" ಅಂತ ಗೇಲಿ ಮಾಡಿದವನು ಅವನು. ಆಗೆಲ್ಲ ಒಂದು ಸಲವಾದರೂ ಗುಬ್ಬಿಯ ಮಾತು ನೆನಪಾಗಿರಲಿಲ್ಲವೇ? ಆಗಿತ್ತು. ನಿಜ ಹೇಳಬೇಕೆಂದರೆ ಎರಡು ಮೂರು ಸಲ ಆಗಿತ್ತು. ಆ ಬಾಕ್ಸುಗಳನ್ನೊಮ್ಮೆ ತರಿಸಿ ನೋಡಬೇಕು ಅಂದುಕೊಂಡು, ಬೇರೆ ಕೆಲಸ ಹಿಡಿದು ಕೂತಿದ್ದ. ಈಗ ಮರದ ಹೊಟ್ಟಿನ ಮೇಲೆ ಕುಕ್ಕರಿಸಿ ಕೂತು, ಆ ಗಂಟನ್ನೇ ನೋಡುತ್ತ, "ಥೂ ನಿನ್ನ" ಅಂತ ತನಗೆ ತಾನೇ ಉಗಿದುಕೊಂಡ. ಉಗಿದುಕೊಳ್ಳಲಿ ಬಿಡಿ, ಅದಕ್ಕೆ ಲಾಯಕ್ಕಾದ ಕೆಲಸವನ್ನೇ ಮಾಡಿದ್ದ.

ವೈರು ಬದಲಿಸುವುದು ಐದು ನಿಮಿಷದ ಕೆಲಸ. ಅವನು ಬದಲಿಸಲಿಲ್ಲ. ಬದಲಿಸಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಅನ್ನುವ ಯೋಚನೆ ಬಂದು ಅವನಿಗೇ ಹೇಸಿಗೆಯಾಯಿತು. ಈ ಕೆಲಸದವರ ಹತ್ತಿರ ಒಂದು ಸಿದ್ಧ ಉತ್ತರ ಇರುತ್ತದೆ. ಏನಾಗಿತ್ತು ಅಂತ ಗಿರಾಕಿ ಕೇಳಿದರೆ "ವೈರ್ ಲೂಸ್ ಆಗಿತ್ತು ಸಾರ್" ಅನ್ನುವುದು. ಸ್ಪೀಕರು ಸುಟ್ಟಿದ್ದರೂ, ತಾನೇ ತಪ್ಪು ಮಾಡಿದ್ದರೂ ವೈರ್ ಲೂಸು. ಅದೊಂದು ಮಾತು ಅವನ ನಾಲಿಗೆಯ ತುದಿಯಲ್ಲೇ ಕೂತಿತ್ತು.

ಗುಬ್ಬಿ ಈಗ ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಬಸ್ ಡ್ರೈವರು, ಒಬ್ಬಳು ಮಗಳು. ಅಂಗಡಿಯ ತುಂಬ ದಪ್ಪ ದಪ್ಪ ಬಟ್ಟೆ ತೂಗುಹಾಕಿರುವುದರಿಂದ ಒಳಗೆ ಮಾತಾಡಿದರೆ ಸದ್ದೇ ಏಳುವುದಿಲ್ಲ. ಬುಧವಾರ ಬಾಕ್ಸಣ್ಣ ಅಲ್ಲಿಗೆ ಹೋದ. ತಂಗಿ ಮೀಟರ್ ಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಿದ್ದಳು. ಒಂದು ಸಲ ಅಳೆದಳು, ಇನ್ನೊಂದು ಸಲ ಅಳೆದಳು, ಮೂರನೇ ಸಲ ಅಳೆದು ಪಕ್ಕದವಳನ್ನು "ಸರಿ ಇದೆಯಾ ಒಮ್ಮೆ ನೋಡೇ" ಅಂದಳು. ಆಮೇಲೆ ಕತ್ತರಿ ಹಾಕಿದಳು.

"ಏನಣ್ಣ, ನೀನಿಲ್ಲಿ?"

"ಪರದೆ ಬೇಕಿತ್ತು" ಅಂದ ಬಾಕ್ಸಣ್ಣ. ಏನು ಹೇಳಲು ಹೋದವನು ಏನು ಹೇಳಿದ ನೋಡಿ! ಆರು ಮೀಟರ್ ನೀಲಿ ಬಟ್ಟೆ ತಗೊಂಡು ಬಂದ. ಗುರುವಾರ ಮತ್ತೆ ಹೋಗಿ ಆರು ಮೀಟರ್ ಹಳದಿ. ಶುಕ್ರವಾರ ಹೂವಿನ ಚಿತ್ರದ್ದು. ಪ್ರತಿ ಸಲ "ಗುಬ್ಬಿ" ಅಂತ ಶುರುಮಾಡುತ್ತಿದ್ದ. ಅಷ್ಟರಲ್ಲಿ ತಂಗಿ, "ಬಣ್ಣ ಹೊಂದತ್ತಾ ಅಣ್ಣ? ನೀನೇ ಸರಿಯಾಗಿ ನೋಡು, ನಂಗೆ ಗೊತ್ತಾಗಲ್ಲ" ಅನ್ನುತ್ತಿದ್ದಳು. ಮೊದಲು ಅವಳು ಹೀಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳುವ ಹುಡುಗಿ. ಎಂದಿನಿಂದ ಹೀಗಾದಳು ಅಂತ ಲೆಕ್ಕ ಹಾಕಲು ಹೋಗಿ ಬಾಕ್ಸಣ್ಣ ಆ ಜೋಡಿ ಕಟ್ಟಿದ ವರ್ಷಕ್ಕೇ ಬಂದು ನಿಂತ.

ಶುಕ್ರವಾರ ಮನೆಯಲ್ಲಿ ಹೆಂಡತಿ ಮೂರು ಕಟ್ಟನ್ನೂ ಮಂಚದ ಮೇಲೆ ಹರಡಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ್ರೀ ಬಾಕ್ಸಣ್ಣನವರೇ, ನಮ್ಮನೇಲಿ ಇರೋದು ಎರಡು ಕಿಟಕಿ. ಹದಿನೆಂಟು ಮೀಟರ್ ಬಟ್ಟೇಲಿ ಏನು ಪ್ರೆಸ್ಸಿನವರ ಬಿಲ್ಡಿಂಗಿಗೂ ಮುಸುಕು ಹಾಕ್ತೀರಾ?"

ಅವನು ನಗಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಎಲ್ಲವನ್ನೂ ಹೇಳಿದ. ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು. "ಅಯ್ಯೋ ದೇವರೇ" ಅಂದಳು. ಬಟ್ಟೆ ಪಕ್ಕಕ್ಕೆ ತಳ್ಳಿ, "ನನ್ನ ಮುಂದೆ ಹೇಳಿ ಏನು ಪ್ರಯೋಜನ? ಹೇಳಬೇಕಾದವಳಿಗೆ ಹೇಳಿ. ಮೇಷ್ಟ್ರಿಗೂ ಹೇಳಿ. ಆವತ್ತು ಅವಳ ಮಾನ ತೆಗೆದದ್ದು ನಾಲ್ಕು ಜನರ ಮುಂದೆ ತಾನೇ?" ಅಂದಳು. ಆ ಹೆಂಗಸಿನ ಮಾತೇ ಹಾಗೆ, ನೇರ ಬಂದು ನಾಟುತ್ತದೆ.

ಭಾನುವಾರ ಹತ್ತು ಗಂಟೆಗೆ ಗುಬ್ಬಿಯನ್ನು ಶೆಡ್ಡಿಗೆ ಕರೆಸಿದ. ಅವಳು ನಗುನಗುತ್ತ ಬಂದು, "ಏನಣ್ಣ, ಪರದೆ ಹೊಲಿಯೋರು ಸಿಗ್ಲಿಲ್ವಾ?" ಅಂದಳು. ಅಷ್ಟರಲ್ಲಿ ಆ ಎರಡು ಕಪ್ಪು ಬಾಕ್ಸು ಕಣ್ಣಿಗೆ ಬಿದ್ದು ನಗು ನಿಂತಿತು.

ಬಾಕ್ಸಣ್ಣ ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಅದನ್ನೆಲ್ಲ ಬಿಟ್ಟು ಜೇಬಿನಿಂದ ಬ್ಯಾಟರಿ ತೆಗೆದು ಅವಳ ಕೈಗೆ ಕೊಟ್ಟ. "ಇಲ್ಲಿ ಮುಟ್ಟಿಸು. ಬಟ್ಟಲು ಯಾವ ಕಡೆ ಹೋಗತ್ತೆ ನೋಡು."

ಅವಳು ಮುಟ್ಟಿಸಿದಳು. "ಹೊರಗೆ ಬಂತು. ಬಂತಲ್ವಾ?"

"ಬಂತು. ಈಗ ಅದಕ್ಕೆ."

ಎರಡನೆಯದಕ್ಕೆ ಅವಳು ಎರಡು ಸಲ ಮುಟ್ಟಿಸಿದಳು. "ಇದು ಒಳಗೆ ಹೋಯ್ತು" ಅಂದಳು. ಈ ಸಲ 'ಅಲ್ವಾ' ಅಂತ ಕೇಳಲಿಲ್ಲ. ದಡ್ಡಿಯಲ್ಲ ಅವಳು. ಇಂಥ ಸಾಮಾನಿನ ನಡುವೆ ನುಡಿಸಿದವಳು.

"ಕೆಂಪು ವೈರ್ ಇರ್ಲಿಲ್ಲ ಗುಬ್ಬಿ. ಗಂಟು ಹಾಕಿದ್ದೆ. ತಪ್ಪು ವೈರಿಗೆ ಹಾಕಿದ್ದೆ. ಬ್ಯಾಟರಿ ಗಡಿಯಾರದಲ್ಲಿತ್ತು, ನಾಲ್ಕು ಹೆಜ್ಜೆ ಹೋಗಿ ತರ್ಲಿಲ್ಲ. ನೀನು ಹೇಳಿದ್ದು ಸರಿ ಇತ್ತು, ಒಂದೊಂದು ಅಕ್ಷರವೂ ಸರಿ ಇತ್ತು. ನಾನು ನಿನ್ನನ್ನ ನಗೆಪಾಟಲು ಮಾಡ್ದೆ. ಮೇಷ್ಟ್ರಿಗೆ ನಿನ್ನ ಕೈ ಮೆದು ಅಂತ ನಾನೇ ಹೇಳ್ದೆ. ತಪ್ಪೆಲ್ಲ ನಂದು." ಇಷ್ಟು ದೊಡ್ಡ ಗಂಡಸು ಚಿಕ್ಕ ಮಗುವಿನ ಹಾಗೆ ಮೂಗು ಒರೆಸಿಕೊಂಡ.

ಗುಬ್ಬಿ ಅಳಲಿಲ್ಲ. ಪ್ಲೈವುಡ್ ರಾಶಿಯ ಮೇಲೆ ಕೂತಳು. "ಕೈ ಮೆದು ಅಂದಿದ್ದಕ್ಕೆ ನಂಗೆ ಅಷ್ಟು ನೋವಾಗ್ಲಿಲ್ಲ ಅಣ್ಣ" ಅಂದಳು. "ಕೈ ಮೆದು ಇದ್ರೆ ಗಟ್ಟಿ ಮಾಡ್ಕೋಬಹುದು. ಆದ್ರೆ ನನ್ನ ಕಿವಿಗೆ ಕೇಳಿದ್ದೇ ಸುಳ್ಳು ಅಂತ ಆಯ್ತಲ್ಲ. ಒಂದೇ ಬಾಕ್ಸ್ ಇಟ್ಕೊಂಡು ಅವನು ನುಡಿಸಿದಾಗ ನಾನೂ ನಂಬಿಬಿಟ್ಟೆ, ನನ್ನ ಕಿವೀನೇ ಸರಿ ಇಲ್ಲ ಅಂತ. ಆಮೇಲೆ ಯಾವುದರ ಮೇಲೂ ನಂಬಿಕೆ ಬರ್ಲಿಲ್ಲ. ಒಲೆ ಆರಿಸಿದ್ದೀನಾ ಅಂತ ಮೂರು ಸಲ ನೋಡ್ತೀನಿ. ಪಕ್ಕದ ರೂಮಲ್ಲಿ ಮಗಳು ಕೆಮ್ಮಿದ್ರೆ, 'ಕೆಮ್ಮಿದ್ಲಾ, ಕೇಳಿಸ್ತಾ?' ಅಂತ ಇವರನ್ನ ಕೇಳ್ತೀನಿ. ಹೀಗೆ ಒಂಬತ್ತು ವರ್ಷ."

ಬಾಕ್ಸಣ್ಣ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಸ್ಪೀಕರು ಬಿಚ್ಚಿ, ವೈರು ಕಿತ್ತು, ಗಂಟು ಹಾಕಿದ್ದನ್ನು ಇತ್ತ, ಹಾಕದ್ದನ್ನು ಅತ್ತ ಬೆಸೆದ. ತಂಗಿ ನೋಡುತ್ತಲೇ ಇದ್ದಳು. ನಿಜವಾಗಿಯೂ ಐದೇ ನಿಮಿಷದ ಕೆಲಸ ಅದು. ಕೊನೆಯ ಸ್ಕ್ರೂ ಬಿಗಿಯುವ ಹೊತ್ತಿಗೆ ಮೇಷ್ಟ್ರು ಬಂದರು.

"ಏನ್ ಬಾಕ್ಸಣ್ಣ, ಆಯ್ತಾ? ಏನಾಗಿತ್ತು?"

ನಾಲಿಗೆಯ ತುದಿಯ ಆ ಸಿದ್ಧ ಉತ್ತರ ಒಂದು ಕ್ಷಣ ಮೇಲೆದ್ದಿತು. ಬಾಕ್ಸಣ್ಣ ಅದನ್ನು ನುಂಗಿಕೊಂಡ. "ನಾನೇ ಉಲ್ಟಾ ಹಾಕಿದ್ದೆ ಮೇಷ್ಟ್ರೇ. ಮಾಡಿದ ದಿನಾನೇ. ಎರಡೂ ಒಟ್ಟಿಗಿದ್ರೆ ಯಾರು ನುಡಿಸಿದ್ರೂ ದನಿ ಬರ್ತಿರ್ಲಿಲ್ಲ. ಇವಳು ಆವತ್ತೇ ಹೇಳಿದ್ಲು. ಇವಳ ಕೈ ಮೆದು ಅಂತ ನಾನು ನಿಮಗೆ ಹೇಳಿದ್ದು ಸುಳ್ಳು."

ಮೇಷ್ಟ್ರು ಅವನನ್ನು ನೋಡಿದರು, ಗುಬ್ಬಿಯನ್ನು ನೋಡಿದರು. "ಅಯ್ಯೋ, ಅಷ್ಟೇನಾ? ಒಂದು ವೈರಾ?" ಅಂತ ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ತಲೆ ಕೆರೆದುಕೊಂಡರು. ಕೆಟ್ಟವರಲ್ಲ ಅವರು. "ತಪ್ಪಾಯ್ತಮ್ಮ. ನಾನೂ ಒಂದು ಸಲ ಒಂದನ್ನ ಕಿತ್ತು ನೋಡಬಹುದಿತ್ತು. ಈಗ ನಂದೇ ಹಾಲ್ ಇದೆ, ಬರೋ ಶನಿವಾರ ಬಾ, ನುಡಿಸು. ನಾನೇ ಡ್ರಮ್ ಬಾರಿಸ್ತೀನಿ" ಅಂದು, ಗಾಡಿಯವನನ್ನು ಕರೆತರುತ್ತೇನೆ ಅಂತ ಹೊರಗೆ ಹೋದರು.

ಬಾಕ್ಸಣ್ಣನಿಗೆ ಆ ಮಾತು ಕೇಳಿ ಜೀವ ಬಂದಂತಾಯಿತು. ಎಲ್ಲಾ ಮತ್ತೆ ಸರಿಹೋಗುತ್ತದೆ ಅನ್ನುವ ಆಸೆ, ಎಷ್ಟಾದರೂ ಮನುಷ್ಯನಲ್ಲವೇ. ಓಡಿಹೋಗಿ ಮೂಲೆಯಿಂದ ಗಿಟಾರು ತಂದ, ಅಂಗಿಯ ಚುಂಗಿನಿಂದ ಧೂಳು ಒರೆಸಿದ, ಎರಡೂ ಬಾಕ್ಸಿಗೆ ವೈರು ಸಿಕ್ಕಿಸಿ ಅವಳ ಮುಂದೆ ಹಿಡಿದ. "ನುಡಿಸು ಗುಬ್ಬಿ. ಒಂದೇ ಒಂದು ಸಲ."

ಅವಳು ಪಟ್ಟಿ ಹೆಗಲಿಗೆ ಹಾಕಿಕೊಂಡು ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ಶೀಟಿನ ಮಾಡು ಅದುರಿತು. ಕಿಟಕಿಯ ಗಾಜು ಝಣ್ಣೆಂದಿತು. ಮೇಜಿನ ಮೇಲಿದ್ದ ಸ್ಕ್ರೂಗಳು ಕುಣಿದು ಕೆಳಗೆ ಬಿದ್ದವು. ಒಂಬತ್ತು ವರ್ಷದ ಹಿಂದೆ ಆ ಹಾಲಿನಲ್ಲಿ ಕೇಳಬೇಕಾಗಿದ್ದ ದನಿ ಅದು. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ಆಗಿನ ಕಾಲದಲ್ಲಿ ನುಡಿಸುತ್ತಿದ್ದ ಒಂದು ವೇಗದ ತುಣುಕು ಶುರುಮಾಡಿದಳು. ನಾಲ್ಕು ಹೆಜ್ಜೆ ಚೆನ್ನಾಗಿ ಹೋಯಿತು. ಐದನೆಯದರಲ್ಲಿ ಬೆರಳು ಜಾರಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ಜಾರಿತು. ಮೂರನೇ ಸಲಕ್ಕೆ ತಂತಿ ಗುರ್ರೆಂದಿತು, ಅವಳು "ಸ್ಸ್" ಅಂತ ಬೆರಳು ಎಳೆದುಕೊಂಡಳು.

"ಅಣ್ಣಾ, ಇಲ್ಲಿ ಮುಟ್ಟಿ ನೋಡು" ಅಂತ ಬಲಗೈ ಚಾಚಿದಳು.

ಅವನು ಮುಟ್ಟಿದ. ಹಿಂದೆ ಆ ಎರಡು ಬೆರಳ ತುದಿ ಜಡ್ಡುಗಟ್ಟಿ ಕಾಯಿಯ ಚಿಪ್ಪಿನಂತಿತ್ತು. ಆಗೆಲ್ಲ ಅವಳು ಅದರಿಂದಲೇ ಇವನ ತಲೆಗೆ ಕುಟ್ಟುತ್ತಿದ್ದಳು. ಈಗ ದಿನವಿಡೀ ಬಟ್ಟೆ ಮುಟ್ಟಿ ಮುಟ್ಟಿ ಆ ಬೆರಳು ನುಣ್ಣಗಾಗಿದ್ದವು, ತಂತಿಯ ಗೆರೆ ಕೆಂಪಗೆ ಮೂಡಿತ್ತು.

"ಆವತ್ತು ನೀನು ಹೇಳಿದ್ದು ಸುಳ್ಳಾಗಿತ್ತು" ಅಂದಳು ಗುಬ್ಬಿ. "ಈಗ ನಿಜ ಆಗಿದೆ ನೋಡು. ಈಗ ನನ್ನ ಕೈ ಮೆದು."

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಗಿಟಾರನ್ನು ಅದರ ಚೀಲದೊಳಗೆ ಹಾಕಿ ಜಿಪ್ ಎಳೆದಳು. "ಇದನ್ನ ಮನೆಗೆ ತಗೊಂಡು ಹೋಗ್ತೀನಿ" ಅಂದಳು. "ನಾನು ಹೊತ್ಕೊಂಡು ಬರ್ತೀನಿ" ಅಂತ ಇವನು ಮುಂದೆ ಬಂದ. "ಬೇಡ" ಅಂದಳು. ತಾನೇ ಹೆಗಲಿಗೇರಿಸಿದಳು. ಶನಿವಾರದ ಮಾತನ್ನು ಅವಳೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಬಾಗಿಲ ಹತ್ತಿರ ಹೋದವಳು ನಿಂತು ತಿರುಗಿದಳು.

"ಬಲಗಡೆ ಬಾಕ್ಸಲ್ಲಿ ಗಾಳಿ ಸೋರ್ತಿದೆ. ಕೆಳಗಿನ ಮೂಲೆ, ಗೋಡೆ ಕಡೆದು."

'ನಿಜವಾಗ್ಲೂ?' ಅನ್ನುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು. ಬಾಕ್ಸಣ್ಣ ನಾಲಿಗೆ ಕಚ್ಚಿಕೊಂಡ. ಅವಳು ಹೋದ ಮೇಲೆ ಫೋನಿನಿಂದ ಆ ಬಾಕ್ಸಿಗೆ ದನಿ ಹಾಕಿ, ಮೇಣದಬತ್ತಿ ಹಚ್ಚಿ, ನೆಲದ ಮೇಲೆ ಮೊಣಕಾಲೂರಿ ಆ ಕೆಳಗಿನ ಮೂಲೆಗೆ ಹಿಡಿದ. ಉರಿ ಅಲುಗಿತು.